ಮಿನಿ ಟ್ರ್ಯಾಕ್ಟರಿಗೆ ಕ್ಯಾಬಿನ್ ಕೂರಿಸುವುದು: ಹಳೆಯ ಬಾಡಿ ಕೆಲಸಗಾರನೊಬ್ಬನ ಲೆಕ್ಕಾಚಾರ

ಮಳೆಗಾಲದಲ್ಲಿ ನಮ್ಮ ಕಡೆ ಟ್ರ್ಯಾಕ್ಟರ್ ಓಡಿಸುವವನನ್ನು ದೂರದಿಂದ ನೋಡಿದರೆ ಮನುಷ್ಯ ಕಾಣಿಸುವುದಿಲ್ಲ. ಪ್ಲಾಸ್ಟಿಕ್ ಕೊಪ್ಪೆಯೊಂದು ಸ್ಟಿಯರಿಂಗ್ ಹಿಡಿದು ಕುಳಿತಂತೆ ಕಾಣುತ್ತದೆ. ನನ್ನ ತೋಟ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನ ಆಚೆ. ಆಗುಂಬೆಯಲ್ಲಿ ಸುರಿಯುವಂತೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ನಮ್ಮಲ್ಲಿ ಸುರಿಯುವುದಿಲ್ಲ, ನಿಜ. ಆದರೆ ಆರಿದ್ರಾ ಮಳೆ ಆರದೆ ಹೊಯ್ಯುವಾಗ ಗದ್ದೆಯಲ್ಲಿ ಮಣ್ಣು ಕಲಸುವ ರೋಟವೇಟರ್ ಹೊಡೆಯುವವನಿಗೆ ಆ ವ್ಯತ್ಯಾಸದಿಂದ ಏನೂ ಲಾಭವಿಲ್ಲ. ಕುತ್ತಿಗೆಯಿಂದ ಇಳಿದ ನೀರು ಚಡ್ಡಿ ತಲುಪಲು ಎರಡೂ ಊರಿನಲ್ಲಿ ಹತ್ತೇ ನಿಮಿಷ ಸಾಕು.

ಶಿವಮೊಗ್ಗದ ಗ್ಯಾರೇಜೊಂದರಲ್ಲಿ ಇಪ್ಪತ್ತೆರಡು ವರ್ಷ ಬಸ್ಸಿನ ಬಾಡಿ ಕಟ್ಟಿದವನು ನಾನು. ಅಪ್ಪ ತೀರಿಕೊಂಡ ಮೇಲೆ ತೋಟಕ್ಕೆ ಬಂದೆ, 24 ಅಶ್ವಶಕ್ತಿಯ ನಾಲ್ಕು ಚಕ್ರ ಎಳೆಯುವ ಮಿನಿ ಟ್ರ್ಯಾಕ್ಟರ್ ಕೊಂಡೆ. ಎರಡು ಮಳೆಗಾಲ ನೆನೆದ ಮೇಲೆ ಕ್ಯಾಬಿನ್ ಮಾಡಲು ಕೈಹಾಕಿದೆ. ಐವತ್ತು ಜನ ಕೂರುವ ಬಸ್ಸಿಗೆ ಬಾಡಿ ಕಟ್ಟಿದವನಿಗೆ ಒಬ್ಬನೇ ಕೂರುವ ಪೆಟ್ಟಿಗೆ ಯಾವ ಲೆಕ್ಕ ಎಂದುಕೊಂಡಿದ್ದೆ. ಆ ಜಂಬ ಹೇಗೆ ಇಳಿಯಿತು ಎಂಬುದನ್ನೂ ಹೇಳುತ್ತೇನೆ.

ದೊಡ್ಡ ಟ್ರ್ಯಾಕ್ಟರುಗಳಿಗೆ ಸಿದ್ಧ ಕ್ಯಾಬಿನ್ ಹೊರಗಿನಿಂದ ತರಿಸಿಕೊಳ್ಳಬಹುದು. ಮಿನಿ ಟ್ರ್ಯಾಕ್ಟರಿಗೆ ಹೊಂದುವುದು ಸಿಕ್ಕರೆ ಅದೃಷ್ಟ, ಸಿಗದಿದ್ದರೆ ಅಳತೆ ಕೊಟ್ಟು ಮಾಡಿಸಬೇಕು. ಎರಡರಲ್ಲಿ ಯಾವುದೇ ಆದರೂ ಮುಂದೆ ಹೇಳುವ ಮಾತುಗಳು ಅನ್ವಯಿಸುತ್ತವೆ. ಮೊದಲು ನೋಂದಣಿ ಪತ್ರ ತೆಗೆದು ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆ ಪತ್ರದಲ್ಲಿರುವ ವಿವರಗಳಿಗೆ ಹೊಂದದಂತೆ ವಾಹನವನ್ನು ನಮ್ಮಿಷ್ಟಕ್ಕೆ ಬದಲಿಸುವಂತಿಲ್ಲ. ಆದ್ದರಿಂದ ವೆಲ್ಡಿಂಗ್ ಅಂಗಡಿಗೆ ಮುಂಗಡ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ವಾರಂಟಿ ಇನ್ನೂ ಇದ್ದರೆ ಷೋರೂಮಿನಲ್ಲಿಯೂ ಕೇಳಿ.

ಇನ್ನು ಸೀಟಿನ ಹಿಂದೆ ನಿಲ್ಲುವ ಕಬ್ಬಿಣದ ಕಮಾನಿನ ವಿಷಯ. ಷೋರೂಮಿನವರು ಅದನ್ನು ರೋಪ್ಸ್ ಎನ್ನುತ್ತಾರೆ. ಟ್ರ್ಯಾಕ್ಟರ್ ಮಗುಚಿದರೆ ಸೀಟಿನಲ್ಲಿ ಕುಳಿತವನ ಜೀವ ಉಳಿಸುವುದು ಆ ಕಮಾನು ಮತ್ತು ಸೀಟ್ ಬೆಲ್ಟು, ಎರಡೂ ಜೊತೆಯಾಗಿ. ಕ್ಯಾಬಿನ್ ಮಾಡುವ ಹುಡುಗರಿಗೆ ಆ ಕಮಾನು ಕಂಡ ಕೂಡಲೇ ಕೈ ತುರಿಸುತ್ತದೆ. ಗಟ್ಟಿಯಾಗಿದೆ, ನೆಟ್ಟಗಿದೆ, ಇದಕ್ಕೇ ನಾಲ್ಕು ತುಂಡು ಬೆಸೆದರೆ ಅರ್ಧ ಕೆಲಸ ಮುಗಿಯಿತು ಎನ್ನುತ್ತಾರೆ. ಒಪ್ಪಬೇಡಿ. ಅದಕ್ಕೆ ವೆಲ್ಡಿಂಗ್ ಮಾಡಬಾರದು, ತೂತು ಕೊರೆಯಬಾರದು, ಕತ್ತರಿಸಬಾರದು. ಏಟು ಬಿದ್ದಾಗ ಮುರಿಯದೆ ಬಾಗಿ ಪೆಟ್ಟನ್ನು ನುಂಗಬೇಕೆಂದು ಆ ಉಕ್ಕನ್ನು ಪರೀಕ್ಷಿಸಿ ಕೂರಿಸಿರುತ್ತಾರೆ. ಬೆಸುಗೆಯ ಕಾವು ತಗುಲಿದ ಜಾಗದಲ್ಲಿ ಆ ಗುಣ ಉಳಿಯುವ ಖಾತರಿಯಿಲ್ಲ. ಹೊರಗಿನಿಂದ ಬಣ್ಣ ಹಚ್ಚಿದರೆ ಯಾವನಿಗೂ ಗೊತ್ತಾಗುವುದಿಲ್ಲ. ಮಗುಚಿದ ದಿನ ಗೊತ್ತಾಗುತ್ತದೆ. ತೆಳು ಪೈಪು ಮತ್ತು ಗಾಜಿನ ಕ್ಯಾಬಿನ್ ಮಳೆಗೆ ಕೊಡೆ, ಅಷ್ಟೇ. ನಿಮ್ಮ ಟ್ರ್ಯಾಕ್ಟರಿಗೆ ಕಮಾನೇ ಇಲ್ಲದಿದ್ದರೆ ಮೊದಲ ಖರ್ಚು ಕಂಪನಿಯ ಕಮಾನಿಗೆ, ಎರಡನೆಯದು ಕ್ಯಾಬಿನ್‌ಗೆ. ಮಡಚುವ ಕಮಾನಾದರೆ ಅದು ನೆಟ್ಟಗೆ ನಿಂತು, ಪಿನ್ನು ಕೂತಿರುವ ಸ್ಥಿತಿಯಲ್ಲೇ ಅಳತೆ ತೆಗೆಯಬೇಕು.

ಅಳತೆಗೆ ಟೇಪು ಸಾಲದು. ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸವೆಂದರೆ ಅಡಿಕೆ ದಬ್ಬೆಯಲ್ಲಿ ಮೊದಲೊಂದು ಕ್ಯಾಬಿನ್ ಕಟ್ಟಿದ್ದು. ತೆಳುವಾಗಿ ಸೀಳಿದ ದಬ್ಬೆ, ತೆಂಗಿನ ಹಗ್ಗ, ಒಂದು ಮಧ್ಯಾಹ್ನದ ಕೆಲಸ. ಅದನ್ನು ಕಟ್ಟಿಕೊಂಡು ಎರಡು ದಿನ ಎಲ್ಲೆಂದರಲ್ಲಿ ಓಡಾಡಿದೆ. ಕೇರಿಯ ಮಕ್ಕಳು ತೇರು ಬಂತು ಎಂದು ಹಿಂದೆ ಓಡಿದರು. ಆದರೆ ಆ ತೇರಿನಿಂದ ತಿಳಿದದ್ದು ಬಹಳ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ, ಮುಂದಿನ ಒಂದು ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿದಾಗ ಟೈರು ಬಾಗಿಲಿನ ಕೆಳಮೂಲೆಯನ್ನು ಸವರಿತು. ಲಿಫ್ಟನ್ನು ತುದಿಯವರೆಗೆ ಎತ್ತಿದಾಗ ರೋಟವೇಟರಿನ ಮೇಲಿನ ಕೊಂಡಿ ಹಿಂದಿನ ಗಾಜು ಬರಬೇಕಾದ ಜಾಗಕ್ಕೆ ಬಡಿಯಿತು. ಬಾನೆಟ್ ಎತ್ತಲು ನಾಲ್ಕು ಬೆರಳು ಜಾಗ ಸಾಲದಾಯಿತು. ಡೀಸೆಲ್ ಮುಚ್ಚಳದ ಮೇಲೆ ಕಂಬವೇ ಬಂದಿತ್ತು.

ಎಲ್ಲಕ್ಕಿಂತ ದೊಡ್ಡ ಪಾಠ ಕೊಟ್ಟಿಗೆಯ ಬಾಗಿಲಿನದು. ಬಾಗಿಲಿನ ಎತ್ತರಕ್ಕಿಂತ ಕ್ಯಾಬಿನ್ ಐದು ಅಂಗುಲ ಕಡಿಮೆಯೇ ಇತ್ತು, ಟೇಪಿನ ಪ್ರಕಾರ ಸಲೀಸಾಗಿ ಹೋಗಬೇಕು. ಆದರೆ ನಮ್ಮ ಕೊಟ್ಟಿಗೆಯ ನೆಲ ಹೊರಗಿನ ಅಂಗಳಕ್ಕಿಂತ ತಗ್ಗು. ಮುಂದಿನ ಚಕ್ರ ಒಳಗಿಳಿದಾಗ ಹಿಂಭಾಗ ಎತ್ತರಕ್ಕೇಳುತ್ತದೆ. ಮೇಲಿನ ದಬ್ಬೆ ತೊಲೆಗೆ ತಾಗಿ ಲಟಕ್ಕನೆ ಮುರಿಯಿತು. ಅದು ಫೈಬರ್ ಮಾಡು ಆಗಿದ್ದರೆ? ಅಡಿಕೆ ಚಪ್ಪರದ ಕೆಳಗೂ ಹೀಗೆಯೇ ಹೋಗಿ ನೋಡಿ, ಟ್ರೇಲರ್ ಸಿಕ್ಕಿಸಿಕೊಂಡು ನೋಡಿ. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನ ನಡುವೆ ನುಗ್ಗಿಸಬೇಕಾದವರು ಕ್ಯಾಬಿನ್ ಆಸೆ ಬಿಟ್ಟು ಮೇಲ್ಮಾಡು ಮಾತ್ರ ಹಾಕಿಸಿದರೆ ಒಳ್ಳೆಯದು. ನಮ್ಮ ತೋಟಗಳಲ್ಲಿ ಬಸಿಗಾಲುವೆ ಇರುವುದರಿಂದ ಟ್ರ್ಯಾಕ್ಟರ್ ಹೇಗೂ ಒಳಗಿಳಿಯುವುದಿಲ್ಲ. ನನಗೆ ಆ ಚಿಂತೆ ಇರಲಿಲ್ಲ.

ಈಗ ತೂಕ. ಚೌಕಟ್ಟಿಗೆ ನಾನು ಹಾಕಿದ್ದು 40 ಮಿಲಿಮೀಟರ್ ಚೌಕದ, 2 ಮಿಲಿಮೀಟರ್ ದಪ್ಪದ ಕಬ್ಬಿಣದ ಪೈಪು. ಮೀಟರಿಗೆ ಹೆಚ್ಚುಕಡಿಮೆ 2.3 ಕಿಲೋ ಬರುತ್ತದೆ. 25 ಮೀಟರ್ ಹಿಡಿಯಿತು, ಅಲ್ಲಿಗೇ 58 ಕಿಲೋ. ಗಾಜು ಇನ್ನೂ ಭಾರ: 5 ಮಿಲಿಮೀಟರ್ ಗಾಜು ಒಂದು ಚದರ ಮೀಟರಿಗೆ ಹನ್ನೆರಡೂವರೆ ಕಿಲೋ ತೂಗುತ್ತದೆ. ಅದೇ ಜಾಗಕ್ಕೆ 4 ಮಿಲಿಮೀಟರಿನ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಿದರೆ ಐದು ಕಿಲೋ ದಾಟುವುದಿಲ್ಲ. ಹಾಗಾಗಿ ಮುಂದೆ ಮಾತ್ರ ನಿಜವಾದ ಗಾಜು, ಉಳಿದ ಮೂರು ಕಡೆ ಪಾಲಿಕಾರ್ಬೊನೇಟ್ ಎಂದು ತೀರ್ಮಾನಿಸಿದೆ. ಪ್ರತಿಯೊಂದು ತುಂಡನ್ನೂ ಅಡಿಕೆ ತೂಗುವ ತಕ್ಕಡಿಗೆ ಹಾಕಿ ಬರೆದಿಟ್ಟೆ. ಕೊನೆಗೆ ಬಂದದ್ದು 128 ಕಿಲೋ. ಒಂದು ಟನ್ನಿಗೂ ಕಡಿಮೆ ತೂಗುವ ಟ್ರ್ಯಾಕ್ಟರಿನ ನೆತ್ತಿಯ ಮೇಲೆ ಎರಡು ಮೂಟೆ ಅಡಿಕೆ ಕಟ್ಟಿಕೊಂಡು ಇಳಿಜಾರಿನಲ್ಲಿ ಅಡ್ಡ ಹೋಗುವುದನ್ನು ಊಹಿಸಿಕೊಳ್ಳಿ. ಇದಕ್ಕೆ ಪರಿಹಾರ ಎರಡು. ಹಿಂದಿನ ಚಕ್ರದ ರಿಮ್ಮುಗಳನ್ನು ಮಗುಚಿ ಹಾಕಲು ಬರುವಂಥದ್ದಾದರೆ ಚಕ್ರಗಳ ನಡುವಿನ ಅಗಲ ಹೆಚ್ಚಿಸಿಕೊಳ್ಳುವುದು, ಮತ್ತು ಕಂಪನಿ ಹೇಳಿದ ಮಟ್ಟದವರೆಗೆ ಹಿಂದಿನ ಟೈರುಗಳಿಗೆ ನೀರು ತುಂಬಿಸಿ ಭಾರವನ್ನು ಕೆಳಗಿಳಿಸುವುದು. ಎರಡನ್ನೂ ಮಾಡಿದೆ. ಆದರೂ ಮೊದಲು ಧೈರ್ಯವಾಗಿ ಅಡ್ಡ ಹಾಯುತ್ತಿದ್ದ ದರೆಯ ಪಕ್ಕದ ಇಳಿಜಾರನ್ನು ಈಗ ಸುತ್ತು ಬಳಸಿಯೇ ದಾಟುತ್ತೇನೆ.

ಚೌಕಟ್ಟನ್ನು ನಾಲ್ಕು ಕಡೆ ರಬ್ಬರ್ ಮೌಂಟಿಂಗ್ ಮೇಲೆ ಕೂರಿಸಿ: ಹಿಂದೆ ಎರಡು ಆಕ್ಸಲ್ ಹೌಸಿಂಗಿನ ಬಳಿ, ಮುಂದೆ ಎರಡು ಕಾಲಿಡುವ ಹಲಗೆಯ ಬ್ರಾಕೆಟ್ಟಿನ ಬಳಿ. ಕಂಪನಿ ಬಿಟ್ಟ ಬೋಲ್ಟಿನ ತೂತುಗಳನ್ನೇ ಹುಡುಕಿ ಬಳಸಿ, ಆದರೆ ಕಮಾನು ಹಿಡಿದಿರುವ ಬೋಲ್ಟುಗಳ ತಂಟೆಗೆ ಹೋಗಬೇಡಿ. ಬೋಲ್ಟಿನ ತಲೆಯ ಮೇಲೆ ಅದರ ಗಟ್ಟಿತನದ ಗುರುತಾದ 8.8 ಎಂದು ಅಚ್ಚೊತ್ತಿರಬೇಕು, ನಟ್ಟು ನೈಲಾನ್ ಬಳೆ ಇರುವಂಥದ್ದಾಗಬೇಕು. ಬೆಸುಗೆಯ ಕೆಲಸವನ್ನೆಲ್ಲ ಚೌಕಟ್ಟನ್ನು ಟ್ರ್ಯಾಕ್ಟರಿನಿಂದ ಇಳಿಸಿ ನೆಲದ ಮೇಲೆ ಮಾಡಿ. ಟ್ರ್ಯಾಕ್ಟರಿನ ಮೇಲೆಯೇ ಒಂದು ಚುಕ್ಕಿ ಬೆಸುಗೆ ಹಾಕಲೇಬೇಕಾಗಿ ಬಂದರೆ ಬ್ಯಾಟರಿಯ ವಯರುಗಳನ್ನು ಬಿಚ್ಚಿ, ಅರ್ಥಿಂಗ್ ಕ್ಲಿಪ್ಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿ. ಇಲ್ಲವಾದರೆ ಕರೆಂಟು ಬೇರಿಂಗುಗಳ ಮೂಲಕ ದಾರಿ ಹುಡುಕುತ್ತದೆ. ಪ್ರತಿ ಕಂಬದ ತಳದಲ್ಲಿ 6 ಮಿಲಿಮೀಟರಿನ ಒಂದು ತೂತು ಬಿಡಿ. ಪೈಪಿನೊಳಗೆ ನೀರು ನಿಂತರೆ ಹೊರಗಿನ ಬಣ್ಣ ಹೊಸದಾಗಿರುವಾಗಲೇ ಒಳಗೆ ತುಕ್ಕು ತಿಂದು ಮುಗಿಸಿರುತ್ತದೆ. ಬಸ್ಸುಗಳಲ್ಲಿ ನೂರು ಸಲ ನೋಡಿದ್ದೇನೆ.

ಮಾಡಿನ ವಿಷಯದಲ್ಲಿ ಅಜ್ಜಂದಿರು ಕಟ್ಟಿದ ಮನೆಯನ್ನು ನೋಡಿದರೆ ಸಾಕು. ಮಲೆನಾಡಿನ ಮನೆಗೆ ಸೂರು ಗೋಡೆಗಿಂತ ಎಷ್ಟು ಮುಂದೆ ಚಾಚಿರುತ್ತದೆ! ಆದರೂ ಮಾರುಕಟ್ಟೆಯ ಕ್ಯಾಬಿನ್‌ಗಳ ಮಾಡು ಗೋಡೆಯ ಸಮಕ್ಕೆ ನಿಂತಿರುತ್ತದೆ, ನೀರು ನೇರವಾಗಿ ಬಾಗಿಲಿನ ಸಂದಿಗೆ ಇಳಿಯುತ್ತದೆ. ನಾನು ನಾಲ್ಕೂ ಕಡೆ ಮೂರು ಅಂಗುಲ ಸೂರು ಬಿಟ್ಟೆ, ಹಿಂದಕ್ಕೆ ತುಸು ವಾಟ ಕೊಟ್ಟೆ, ಬಾಗಿಲಿನ ಮೇಲೆ ಬೆರಳು ಗಾತ್ರದ ದೋಣಿ ಕೂರಿಸಿದೆ. ನೆಲದಲ್ಲಿ ಗೇರು, ಲಿಫ್ಟು, ಪೆಡಲುಗಳು ಹೊರಬರುವ ಕಿಂಡಿಗಳಿಗೆ ಲಾರಿ ಗೇರಿನ ರಬ್ಬರ್ ಬೂಟುಗಳು ಚೆನ್ನಾಗಿ ಒಪ್ಪುತ್ತವೆ. ಅವುಗಳಿಲ್ಲದೆ ಬಿಟ್ಟರೆ ನೀರಿಗಿಂತ ಮೊದಲು ಉಂಬಳ, ಅಂದರೆ ಜಿಗಣೆ, ಬರುತ್ತದೆ. ಸಂದಿ ತುಂಬಲು ಸಿಲಿಕಾನ್ ತರುವಾಗ ಮೂಸಿ ನೋಡಿ. ವಿನೆಗರ್ ವಾಸನೆ ಬರುವುದು ಒಣಗುವಾಗ ಹುಳಿ ಬಿಟ್ಟು ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ವಾಸನೆಯಿಲ್ಲದ ನ್ಯೂಟ್ರಲ್ ಬಗೆಯದನ್ನು ಕೇಳಿ ತನ್ನಿ.

ಮುಂದಿನ ಗಾಜಿಗೆ ಲ್ಯಾಮಿನೇಟೆಡ್ ಗಾಜೇ ಆಗಬೇಕು. ಒಡೆದರೂ ನಡುವಿನ ಹಾಳೆಗೆ ಅಂಟಿಕೊಂಡು ನಿಲ್ಲುತ್ತದೆ. ಉಳಿದ ಕಡೆಗೆ ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು ತರಿಸುವವರು ಮೊದಲು ಪ್ಲೈವುಡ್‌ನಲ್ಲಿ ಅಚ್ಚು ಕತ್ತರಿಸಿ ಕೊಡಬೇಕು. ಟಫನ್ ಆದ ಮೇಲೆ ಅದನ್ನು ಒಂದು ಕೂದಲೆಳೆಯಷ್ಟೂ ಕತ್ತರಿಸಲು ಬರುವುದಿಲ್ಲ. ಗಾಜು ಕೂರಿಸುವುದನ್ನು ಬಸ್ ಗ್ಯಾರೇಜಿನವರು ಒಂದು ದಾರದಿಂದ ಮಾಡುತ್ತಾರೆ. ರಬ್ಬರ್ ಬೀಡಿಂಗನ್ನು ಗಾಜಿನ ಸುತ್ತ ತೊಡಿಸಿ, ಬೀಡಿಂಗಿನ ಹೊರಮೈಯ ಸೀಳಿನಲ್ಲಿ ಗಟ್ಟಿ ನೈಲಾನ್ ದಾರವನ್ನು ಸುತ್ತ ಓಡಿಸಿ, ಎರಡೂ ತುದಿಗಳು ಕೆಳಗೆ ಒಂದರ ಮೇಲೊಂದು ಬರುವಂತೆ ಬಿಡಬೇಕು. ಎಲ್ಲಕ್ಕೂ ಸೋಪು ನೀರು ಹಚ್ಚಿ, ಹೊರಗಿನಿಂದ ಒಬ್ಬರು ಅಂಗೈಯಲ್ಲಿ ಮೆತ್ತಗೆ ಗುದ್ದುತ್ತಿರಬೇಕು, ಒಳಗಿನಿಂದ ಇನ್ನೊಬ್ಬರು ದಾರವನ್ನು ಎಳೆಯುತ್ತ ಬರಬೇಕು. ದಾರ ಬಂದಂತೆ ರಬ್ಬರಿನ ತುಟಿ ಚೌಕಟ್ಟಿನ ಅಂಚನ್ನು ದಾಟಿ ಒಳಗೆ ಮಗುಚಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ದಾರ ಎಳೆದವಳು ನನ್ನ ಹೆಂಡತಿ. ಇಪ್ಪತ್ತೆರಡು ವರ್ಷ ನೀವು ಮಾಡಿದ್ದು ಇದೇ ಕೆಲಸವೋ ಎಂದು ಕೇಳಿದಳು. ಪಾಲಿಕಾರ್ಬೊನೇಟ್ ಕಿಟಕಿಗಳನ್ನು ಒಣಬಟ್ಟೆಯಲ್ಲಿ ಒರೆಸಬೇಡಿ, ಥಿನ್ನರ್ ಮುಟ್ಟಿಸಬೇಡಿ, ವೈಪರ್ ಹಾಕಲೇಬೇಡಿ; ಒಂದೇ ಮಳೆಗಾಲದಲ್ಲಿ ಗೀರು ಬಿದ್ದು ಮಬ್ಬಾಗುತ್ತವೆ.

ಎರಡು ಬಾಗಿಲು ಇರಲಿ. ಬಾಗಿಲು ಒಂದೇ ಸಾಕೆನ್ನುವವರು ಹಿಂದಿನ ಕಿಟಕಿಯನ್ನು ಮೈ ತೂರುವಷ್ಟು ದೊಡ್ಡದಾಗಿ, ಒಳಗಿನಿಂದ ತೆರೆಯುವಂತೆ ಮಾಡಲೇಬೇಕು. ಮಗ್ಗುಲಾಗಿ ಬಿದ್ದ ಟ್ರ್ಯಾಕ್ಟರಿನಲ್ಲಿ ಒಂದು ಬಾಗಿಲು ನೆಲಕ್ಕೆ ಒತ್ತಿಕೊಂಡಿರುತ್ತದೆ. ಬಲಬದಿಗೆ ಒಂದು ಜಾರುವ ಕಿಂಡಿಯೂ ಬೇಕು. ಕವಳ ಹಾಕುವವರಿಗೆ ಕಾರಣ ಹೇಳಬೇಕಿಲ್ಲ.

ವಿದ್ಯುತ್ತಿನ ಲೆಕ್ಕ ಸಣ್ಣದು, ಆದರೆ ಬಿಟ್ಟರೆ ಬೆಳಿಗ್ಗೆ ತಳ್ಳಬೇಕಾಗುತ್ತದೆ. 12 ವೋಲ್ಟಿನಲ್ಲಿ 18 ವ್ಯಾಟಿನ ಎರಡು ಎಲ್‌ಇಡಿ ದೀಪಕ್ಕೆ 3 ಆಂಪಿಯರ್, ವೈಪರಿಗೆ 4, ಫ್ಯಾನಿಗೆ 5, ಮುಂದಿನ 55 ವ್ಯಾಟಿನ ಜೋಡಿ ದೀಪಕ್ಕೆ 9 ಎಂದರೆ ಒಟ್ಟು 21 ಆಂಪಿಯರ್ ಆಯಿತು. ಆಲ್ಟರ್ನೇಟರ್ ಎಷ್ಟು ಕೊಡುತ್ತದೆ ಎಂದು ಅದರ ಮೈಮೇಲೆ ಓದಿ ಹೋಲಿಸಿ. ಪ್ರತಿಯೊಂದಕ್ಕೂ ಬೇರೆ ಫ್ಯೂಸು, ಬ್ಯಾಟರಿಯಿಂದ ನೇರ ವಯರು, ನಡುವೆ ರಿಲೇ. ವೈಪರ್ ಮೋಟಾರನ್ನು ನಾನು ಗುಜರಿಯಿಂದ ತಂದೆ, ಒಳ್ಳೆಯದೇ ಸಿಕ್ಕಿತು. ಏಸಿ ಬೇಡ. ಅದರ ಕಂಪ್ರೆಸರ್ ಎಂಜಿನ್ನಿನಿಂದ ಮೂರು ನಾಲ್ಕು ಅಶ್ವಶಕ್ತಿ ಕದಿಯುತ್ತದೆ, 24ರಲ್ಲಿ ಅಷ್ಟು ಹೋದರೆ ಕೆಸರುಗದ್ದೆಯಲ್ಲಿ ರೋಟವೇಟರ್ ಮುಲುಗುತ್ತದೆ.

ಜಂಬ ಇಳಿದ ಕಥೆ ಇಲ್ಲಿಂದ ಶುರು. ಜೂನ್ ಮೂರನೆಯ ವಾರ, ಹೊಸ ಕ್ಯಾಬಿನ್, ಒಂದು ಹನಿ ನೀರೂ ಒಳಗೆ ಬರುತ್ತಿಲ್ಲ. ನೆನೆದ ಕೊಪ್ಪೆಯನ್ನು ಸೀಟಿನ ಹಿಂದೆ ನೇತುಹಾಕಿ, ಬಾಗಿಲು ಹಾಕಿಕೊಂಡು, ರಾಜನಂತೆ ಕೆರೆ ಏರಿಯ ಮೇಲೆ ಹೊರಟೆ. ಐದು ನಿಮಿಷಕ್ಕೆ ಗಾಜಿನ ಒಳಮೈ ಹಾಲಿನಂತಾಯಿತು. ಟವೆಲಿನಲ್ಲಿ ಒರೆಸಿದೆ, ಮತ್ತೆ ಮಂಜು. ಇನ್ನೊಮ್ಮೆ ಒರೆಸಲು ಮುಂದೆ ಬಾಗಿದಾಗ ಎಡಗಡೆಯ ಮುಂಚಕ್ರ ಏರಿಯ ಅಂಚಿನಿಂದ ಇಳಿದೇಬಿಟ್ಟಿತು. ಗೊಬ್ಬರದ ಗಿಡದ ಬೇಲಿ ತಡೆದು ನಿಲ್ಲಿಸಿತು. ಹಿಂದೆ ಬರುತ್ತಿದ್ದ ಹೆಂಡತಿ ಆಗಿನಿಂದಲೂ ಕೂಗುತ್ತಿದ್ದಳಂತೆ. ಮುಚ್ಚಿದ ಪೆಟ್ಟಿಗೆಯೊಳಗೆ ಎಂಜಿನ್ನಿನ ಸದ್ದು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ದಬ್ಬೆಯ ಕ್ಯಾಬಿನ್ ಎಲ್ಲವನ್ನೂ ಕಲಿಸಿತ್ತು, ಇದೊಂದನ್ನು ಬಿಟ್ಟು. ದಬ್ಬೆಗೆ ಸಂದಿಗಳಿದ್ದವು, ಗಾಳಿ ಆಡುತ್ತಿತ್ತು. ಐವತ್ತು ಜನರ ಬಸ್ಸಿಗಾದರೋ ಕಿಟಕಿಗಳೆಲ್ಲ ಸೋರುತ್ತಲೇ ಇರುತ್ತವೆ, ಆ ಸೋರುವಿಕೆಯೇ ಅಲ್ಲಿ ಗಾಜನ್ನು ಕಾಯುತ್ತಿತ್ತು ಎಂಬುದು ನನಗೆ ಆ ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೆ ಹೊಳೆಯಿತು.

ಆದ್ದರಿಂದ ಮಳೆ ಹೊರಗಿಡುವ ಕೆಲಸಕ್ಕೆ ಅರ್ಧ ಮನಸ್ಸು ಕೊಟ್ಟರೆ, ಒಳಗಿನ ಉಸಿರನ್ನು ಹೊರಗೆ ಕಳುಹಿಸುವುದಕ್ಕೆ ಉಳಿದರ್ಧ ಕೊಡಿ. ಗಾಳಿ ಒಳಬರುವ ಕಿಂಡಿಯನ್ನು ಮಾಡಿನ ಸೂರಿನ ಕೆಳಗೆ, ಮಳೆ ಮತ್ತು ಸೈಲೆನ್ಸರ್ ಹೊಗೆ ಎರಡೂ ತಲುಪದ ಕಡೆ ಕೊರೆಯಿರಿ. ಅಲ್ಲಿಂದ 12 ವೋಲ್ಟಿನ ಬ್ಲೋವರ್, ಅದರಿಂದ ಗಾಜಿನ ಬುಡಕ್ಕೆ ಒಂದು ಕೊಳವೆ, ಕೊಳವೆಯ ಬಾಯಿ ಗಾಜಿನ ಅಗಲಕ್ಕೂ ಸೀಳಿನಂತೆ ಇರಬೇಕು. ಹಿಂದಿನ ತಳಭಾಗದಲ್ಲಿ ರಬ್ಬರಿನ ನಾಲಗೆಯುಳ್ಳ ಒಂದು ಸಣ್ಣ ಕಿಂಡಿಯಿಂದ ಒಳಗಾಳಿ ಹೊರಗೆ ಹೋಗಲಿ. ಬರಿಯ ಹೊರಗಾಳಿ ಆಷಾಢದಲ್ಲಿ ಸಾಲುವುದಿಲ್ಲ, ಅದೇ ತೇವದ ಮುದ್ದೆಯಾಗಿರುತ್ತದೆ. ಅದನ್ನು ಬಿಸಿ ಮಾಡಬೇಕು. ಸಣ್ಣ ಕಾರೊಂದರ ಹಳೆಯ ಹೀಟರ್ ಜಾಲರಿಯನ್ನು ಗುಜರಿಯಲ್ಲಿ ಹುಡುಕಿ, ಎಂಜಿನ್ನಿನ ಬಿಸಿನೀರು ಅದರೊಳಗೆ ಹರಿದು ಮರಳುವಂತೆ ಎರಡು ಹೋಸು ಜೋಡಿಸಿ, ಬೇಸಿಗೆಯಲ್ಲಿ ಮುಚ್ಚಲು ನಡುವೆ ಒಂದು ಕೊಳಾಯಿ ಹಾಕಿಸಿದೆ. ಎಂಜಿನ್ ಕಾದ ಐದಾರು ನಿಮಿಷಕ್ಕೆ ಗಾಜು ತಿಳಿಯಾಗುತ್ತದೆ. ಹೋಸಿಗೆ ಒಳ್ಳೆಯ ಕ್ಲಿಪ್ಪು ಹಾಕಿ, ಕಾಲಿನ ಹತ್ತಿರ ಬಾರದಂತೆ ಒಯ್ಯಿರಿ. ಬಿಚ್ಚಿಕೊಂಡರೆ ಕುದಿಯುವ ನೀರು ಮೈಮೇಲೆ ಚಿಮ್ಮುತ್ತದೆ. ಮತ್ತೊಂದು ಖರ್ಚಿಲ್ಲದ ಉಪಾಯ: ನೆನೆದ ಕೊಪ್ಪೆಯನ್ನು ಒಳಗೆ ತರಲೇಬೇಡಿ. ಹೊರಗೆ ಸೂರಿನ ಕೆಳಗೆ ಒಂದು ಕೊಕ್ಕೆ ಇಡಿ.

ಸದ್ದಿಗೆ ಮಾಡಿನ ಒಳಮೈಗೂ ತಗಡಿನ ಕೆಳಭಾಗಕ್ಕೂ ಫೋಮ್ ಹಾಳೆ ಅಂಟಿಸಿದೆ. ಫೋಮ್ ಇಲ್ಲದ ಕ್ಯಾಬಿನ್ ಡೋಲಿನಂತೆ ಮೊಳಗುತ್ತದೆ, ತೆರೆದ ಟ್ರ್ಯಾಕ್ಟರಿಗಿಂತ ಕಿವಿಗೆ ಕಷ್ಟ. ಆದರೂ ಹಿಂದೆ ಆಳು ಇರುವಾಗ ಹಿಂಗಿಟಕಿ ತೆರೆದೇ ಇಡುತ್ತೇನೆ, ಎರಡೂ ಬದಿಗೆ ಬಸ್ಸಿನ ಕನ್ನಡಿ ಹಾಕಿದ್ದೇನೆ.

ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಟ್ರ್ಯಾಕ್ಟರಿನ ಪಿಟಿಒಗೆ, ಅಂದರೆ ಎಂಜಿನ್ನಿನ ಶಕ್ತಿಯನ್ನು ಹೊರಗೆ ಕೊಡುವ ತಿರುಗುವ ದಂಡಕ್ಕೆ, ಪಂಪು ಕೂರಿಸಿ ನಿಲ್ಲಿಸುವವರು ನಮ್ಮಲ್ಲಿದ್ದಾರೆ. ಮೇಲಿನಿಂದ ಬೀಳುವ ಬೋರ್ಡೋ ದ್ರಾವಣದ ತುಂತುರು ಕ್ಯಾಬಿನ್ ಮೇಲೆ ಬೀಳುತ್ತದೆ ನಿಜ, ಅಷ್ಟಕ್ಕೇ ಮುಖವಾಡ ಬಿಚ್ಚಬೇಡಿ. ಇದ್ದಿಲಿನ ಫಿಲ್ಟರೂ ಒಳಗೆ ಗಾಳಿಯ ಒತ್ತಡವೂ ಸರಿಯಾಗಿ ಇರುವ ಕ್ಯಾಬಿನ್ ಮಾತ್ರ ಔಷಧಿಯಿಂದ ಕಾಯುತ್ತದೆ, ನಾವು ಮಾಡುವುದು ಅಂಥದ್ದಲ್ಲ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎನ್ನುವ ಆ ದ್ರಾವಣದಲ್ಲಿ ಸುಣ್ಣ ಕಡಿಮೆಯಾದರೆ ಚಾಕು ಅದ್ದಿದಾಗ ಕೆಂಪಗೆ ತಾಮ್ರ ಕೂರುತ್ತದಲ್ಲ, ಬಣ್ಣ ಕಿತ್ತ ಕಡೆ ಕ್ಯಾಬಿನ್ನಿನ ಕಬ್ಬಿಣಕ್ಕೂ ಅದೇ ಗತಿ. ಸಂಜೆಯೇ ತೊಳೆಯಿರಿ. ಒಣಗಿದ ನೀಲಿ ಕಲೆಗೆ ನೀರು ಬೆರೆಸಿದ ವಿನೆಗರ್ ಸಾಕು, ಆಮೇಲೆ ಬರಿಯ ನೀರಿನಲ್ಲಿ ಚೆನ್ನಾಗಿ ತೊಳೆದುಬಿಡಿ.

ನನ್ನ ಕೂಲಿ ಬಿಟ್ಟು ಒಟ್ಟು 68,000 ರೂಪಾಯಿ ತಗುಲಿತು. ಹೀಟರು, ಬ್ಲೋವರು ಆಮೇಲಿನ ತಿದ್ದುಪಡಿಯಾದ್ದರಿಂದ ಅದರಲ್ಲಿ ಐದಾರು ಸಾವಿರ ದಂಡವೆಂದೇ ಹೇಳಬೇಕು.

ಮೊದಲ ಹತ್ತು ಗಂಟೆಯ ಕೆಲಸದ ನಂತರ ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿ ಮಾಡಿ, ರಬ್ಬರ್ ಕೂತು ಸಡಿಲವಾಗಿರುತ್ತವೆ. ಆಮೇಲೆ ತಿಂಗಳಿಗೊಮ್ಮೆ ಸಾಕು. ಬಾಗಿಲುಗಳಿಗೆ ಎತ್ತಿ ತೆಗೆಯುವ ಹಿಂಜು ಹಾಕಿಸಿದ್ದರೆ ಶಿವರಾತ್ರಿ ಹೊತ್ತಿಗೆ ಎರಡನ್ನೂ ಕಳಚಿಡಬಹುದು. ಮಾರ್ಚ್ ಬಿಸಿಲಿನಲ್ಲಿ ಗೇರುಪೆಟ್ಟಿಗೆಯ ಕಾವಿನ ಮೇಲೆ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಲಾಗದು. ಕಳಚಿದ ಬಾಗಿಲುಗಳನ್ನು ಅಟ್ಟದಲ್ಲಿ ಮಲಗಿಸದೆ ನಿಲ್ಲಿಸಿಡಿ. ರಬ್ಬರಿನ ಅಂಚಿಗೆ ಟಾಲ್ಕಂ ಪುಡಿ ಸವರಿ, ಹಳೆಯ ಚೀಲದಲ್ಲಿ ಬಿಗಿಯಾಗಿ ಸುತ್ತಿ. ಹೋದ ವರ್ಷ ನಾನು ಸುತ್ತಲು ಮರೆತೆ, ಮೃಗಶಿರಾ ಮಳೆ ಹಿಡಿದ ದಿನ ಇಳಿಸಿ ನೋಡಿದರೆ ಎಡಬಾಗಿಲಿನ ಬೀಡಿಂಗನ್ನು ಇಲಿಗಳು ಮೊಳದುದ್ದ ತಿಂದಿದ್ದವು.